ಜಿಡಿಪಿ ಬರೋವರೆಗೆ ಏನು ನೋಡೋದು? ಕರೆಂಟು, ಇ-ವೇ ಬಿಲ್, ಯುಪಿಐ, ರಾತ್ರಿ ಬೆಳಕು: ಒಂದು ಹೋಲಿಕೆ

2023ರ ಸೆಪ್ಟೆಂಬರ್ ಕೊನೆ. ಮನೆಗೆ ಬಳಿಯುವ ಬಣ್ಣ ಮಾರುವ ಕಂಪನಿಯೊಂದರಲ್ಲಿ ಆಗ ನನ್ನ ಕೆಲಸ. ದಸರಾ, ದೀಪಾವಳಿಗೆ ಯಾವ ಜಿಲ್ಲೆಗೆ ಎಷ್ಟು ಡಬ್ಬ ಕಳಿಸಬೇಕು ಅಂತ ಅಂದಾಜು ಹಾಕಬೇಕಿತ್ತು. ರಾಜ್ಯದ ವಿದ್ಯುತ್ ಬೇಡಿಕೆ ನೋಡಿದೆ. ಹಿಂದಿನ ವರ್ಷದ ಇದೇ ಹೊತ್ತಿಗಿಂತ ಎಷ್ಟೋ ಮೇಲಿತ್ತು. ಕರೆಂಟು ಜಾಸ್ತಿ ಖರ್ಚಾಗ್ತಿದೆ ಅಂದ್ರೆ ಕೆಲಸ ನಡೀತಿದೆ, ದುಡ್ಡು ಓಡಾಡ್ತಿದೆ ಅಂದುಕೊಂಡೆ. ಮಧ್ಯ ಕರ್ನಾಟಕದ ಸ್ಟಾಕ್ ಏರಿಸಿ ಬರೆದು ಕಳಿಸಿದೆ. ಎರಡು ದಿನ ಬಿಟ್ಟು ಚಿತ್ರದುರ್ಗದ ಕಡೆಯ ಡೀಲರ್ ಒಬ್ಬರು ಫೋನ್ ಮಾಡಿದರು.

"ಏನ್ ಸಾರ್, ಇಷ್ಟೊಂದು ಮಾಲು ಹಾಕಿದೀರಾ? ಇಲ್ಲಿ ಮಳೆನೇ ಇಲ್ಲ. ಮೆಕ್ಕೆಜೋಳ ಒಣಗಿ ನಿಂತಿದೆ. ಅಡಿಕೆ ತೋಟ ಉಳಿದ್ರೆ ಸಾಕು ಅಂತ ಕರೆಂಟ್ ಬಂದಾಗೆಲ್ಲಾ ಮೋಟ್ರು ಓಡಿಸ್ತಾ ಇದಾರೆ. ಈ ವರ್ಷ ಯಾರು ಸಾರ್ ಮನೆಗೆ ಬಣ್ಣ ಹೊಡಿಸ್ತಾರೆ?"

ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಆ ಡಬ್ಬಗಳು ಸಂಕ್ರಾಂತಿ ದಾಟಿದರೂ ಗೋದಾಮು ಬಿಟ್ಟು ಕದಲಲಿಲ್ಲ. ನಾನು ನೋಡಿದ ಸಂಖ್ಯೆ ಸರಿಯಾಗೇ ಇತ್ತು. ಅದನ್ನು ಓದಿದ ರೀತಿ ತಪ್ಪಾಗಿತ್ತು. ಅವತ್ತಿನಿಂದ ಯಾವ ಸೂಚಕವನ್ನು ಕೈಗೆತ್ತಿಕೊಂಡರೂ ಮೊದಲು ಒಂದೇ ಪ್ರಶ್ನೆ ಕೇಳ್ತೀನಿ: ಜನರ ಆದಾಯ ಏರದೆ ಈ ಸಂಖ್ಯೆ ಏರೋದು ಯಾವಾಗ? ಉತ್ತರ ಗೊತ್ತಿಲ್ಲದ ಸೂಚಕವನ್ನು ನಾನು ಬಳಸೋದಿಲ್ಲ. ಕೆಳಗಿನ ಹೋಲಿಕೆಯೂ ಇದೇ ಪ್ರಶ್ನೆಯ ಮೇಲೆ ನಿಂತಿದೆ.

ಜಿಡಿಪಿಗೇ ಕಾದರೆ ಆಗಲ್ವಾ?

ಕಾಯಬಹುದು. ಆದರೆ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದಲ್ಲಿ ಏನಾಯಿತು ಅನ್ನೋದರ ಮೊದಲ ಅಂದಾಜು ಬರೋದು ಆಗಸ್ಟ್ ಕೊನೆಗೆ. ಏಪ್ರಿಲ್ ಮೊದಲ ವಾರ ಅಂಗಡಿ ಡಲ್ ಹೊಡೆದಿದ್ದರೆ ಅದು ಲೆಕ್ಕಕ್ಕೆ ಸಿಗೋದು ಐದು ತಿಂಗಳ ಮೇಲೆ. ಅದೂ ಮುಂದೆ ಹಲವು ಸಲ ತಿದ್ದುಪಡಿಯಾಗುತ್ತದೆ. ಜಿಲ್ಲೆಯ ಮಟ್ಟದ್ದು ಬೇಕಂದ್ರೆ ಕಾಯೋದು ಇನ್ನೂ ಜಾಸ್ತಿ.

ಇನ್ನೊಂದು ತೊಂದರೆ, ನಮ್ಮಂಥ ದೇಶಗಳಲ್ಲಿ ಅರ್ಧದಷ್ಟು ಆರ್ಥಿಕತೆ ಲೆಕ್ಕಪುಸ್ತಕ ಇಡದವರದು. ತಳ್ಳುಗಾಡಿ, ಗಾರೆ ಕೆಲಸ, ಮನೆಯಲ್ಲೇ ಬೀಡಿ ಕಟ್ಟೋದು, ಇವುಗಳ ಲೆಕ್ಕ ಮೂರು ತಿಂಗಳಿಗೊಮ್ಮೆ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ದೊಡ್ಡ ಕಂಪನಿಗಳು ಎಷ್ಟು ಬೆಳೆದವೋ ಇವೂ ಹೆಚ್ಚುಕಮ್ಮಿ ಅಷ್ಟೇ ಬೆಳೆದಿರಬೇಕು ಅಂತ ಅಂದಾಜು ಹಾಕೋದು ಬಹಳ ಕಾಲದ ರೂಢಿಯಾಗಿತ್ತು. ಆಫ್ರಿಕಾದಲ್ಲಿ ಈ ಸಮಸ್ಯೆ ಎಷ್ಟು ದೊಡ್ಡದಿತ್ತು ಅಂದ್ರೆ, 2010ರಲ್ಲಿ ಘಾನಾ ತನ್ನ ಲೆಕ್ಕದ ಆಧಾರ ವರ್ಷ ಬದಲಿಸಿದ ಕೂಡಲೇ ಅದರ ಜಿಡಿಪಿ ಸುಮಾರು ಶೇ 60ರಷ್ಟು ದೊಡ್ಡದಾಯಿತು. 2014ರಲ್ಲಿ ನೈಜೀರಿಯಾ ಇದನ್ನೇ ಮಾಡಿದಾಗ ಅದರ ಜಿಡಿಪಿ ಶೇ 89ರಷ್ಟು ಉಬ್ಬಿತು. ಅಲ್ಲಿಯವರೆಗೆ ನೈಜೀರಿಯಾದವರು 1990ರ ಆರ್ಥಿಕತೆಯ ಚಿತ್ರ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದರು. ಮೊಬೈಲ್ ಫೋನು, ಅವರ ಸಿನಿಮಾ ಉದ್ಯಮ ಯಾವುದೂ ಅದರಲ್ಲಿ ಸರಿಯಾಗಿ ಇರಲಿಲ್ಲ.

ಅಧಿಕೃತ ಲೆಕ್ಕ ಇಟ್ಟುಕೊಳ್ಳುವವರೇ ಅದನ್ನು ಪೂರ್ತಿ ನಂಬದ ಕಥೆಯೂ ಇದೆ. 2007ರಲ್ಲಿ ಚೀನಾದ ಲಿಯಾವೊನಿಂಗ್ ಪ್ರಾಂತ್ಯದ ಪಕ್ಷದ ಮುಖ್ಯಸ್ಥರಾಗಿದ್ದ ಲಿ ಕಚ್ಯಾಂಗ್ ಅಮೆರಿಕದ ರಾಯಭಾರಿಯೊಬ್ಬರ ಜೊತೆ ಊಟಕ್ಕೆ ಕೂತಾಗ, ತಾನು ಜಿಡಿಪಿ ಅಂಕಿಗಿಂತ ಮೂರು ವಿಷಯ ನೋಡ್ತೀನಿ ಅಂದಿದ್ದರು: ವಿದ್ಯುತ್ ಬಳಕೆ, ರೈಲಿನಲ್ಲಿ ಸಾಗಿದ ಸರಕು, ಬ್ಯಾಂಕ್ ಸಾಲ. ಆ ಮಾತು ವಿಕಿಲೀಕ್ಸ್ ಮೂಲಕ ಹೊರಬಿತ್ತು. ಮುಂದೆ ಅವರೇ ಚೀನಾದ ಪ್ರಧಾನಿಯಾದರು.

ಒಂದೇ ತಿಂಗಳು, ಐದು ಉತ್ತರ

ಸೂಚಕಗಳನ್ನು ತೂಗಿ ನೋಡಲು 2020ರ ಏಪ್ರಿಲ್‌ನಷ್ಟು ಒಳ್ಳೆಯ ತಿಂಗಳು ಇನ್ನೊಂದಿಲ್ಲ. ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿದ್ದಿತ್ತು. ಏನಾಗಿದೆ ಅಂತ ಎಲ್ಲರಿಗೂ ಗೊತ್ತು. ಆದರೆ ಎಷ್ಟು?

ದೇಶದ ವಿದ್ಯುತ್ ಬಳಕೆ ಹಿಂದಿನ ವರ್ಷದ ಏಪ್ರಿಲ್‌ಗಿಂತ ಸುಮಾರು ಶೇ 23ರಷ್ಟು ಕಡಿಮೆ. ಜಿಎಸ್‌ಟಿ ಸಂಗ್ರಹ 1,13,865 ಕೋಟಿ ರೂಪಾಯಿಯಿಂದ 32,172 ಕೋಟಿಗೆ ಕುಸಿತ, ಅಂದರೆ ಶೇ 70ಕ್ಕೂ ಹೆಚ್ಚು. ಮಾರ್ಚ್‌ನಲ್ಲಿ 4 ಕೋಟಿಯಷ್ಟಿದ್ದ ಇ-ವೇ ಬಿಲ್‌ಗಳು (ಮಾಲು ಸಾಗಿಸುವ ಮೊದಲು ಆನ್‌ಲೈನ್‌ನಲ್ಲಿ ತೆಗೆಯುವ ಚೀಟಿ) ಏಪ್ರಿಲ್‌ನಲ್ಲಿ ಒಂದು ಕೋಟಿಗೂ ಕೆಳಗೆ. ಸೇವಾ ವಲಯದ ಪಿಎಂಐ (ವ್ಯಾಪಾರ ಹೇಗಿದೆ ಅಂತ ಪ್ರತಿ ತಿಂಗಳು ಕಂಪನಿಗಳನ್ನು ಕೇಳಿ ಮಾಡುವ ಸೂಚ್ಯಂಕ) 5.4. ಈ ಸೂಚ್ಯಂಕದಲ್ಲಿ 50 ಅಂದರೆ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ ಅಂತ ಅರ್ಥ. ಕಾರು ಕಂಪನಿಗಳ ದೇಶೀಯ ಮಾರಾಟ ಸೊನ್ನೆ.

ಆಗಸ್ಟ್ 31ಕ್ಕೆ ಆ ತ್ರೈಮಾಸಿಕದ ಜಿಡಿಪಿ ಬಂತು: ಶೇ 23.9ರಷ್ಟು ಕುಸಿತ. 'ನೋಡಿದ್ರಾ, ಕರೆಂಟು ಮೊದಲೇ ಹೇಳಿತ್ತು' ಅಂತ ಎಷ್ಟೋ ಜನ ಬರೆದರು. ನನಗೂ ಆಗ ಹಾಗೇ ಅನಿಸಿತ್ತು. ಆದರೆ ಕರೆಂಟಿನ 23 ಒಂದು ತಿಂಗಳದ್ದು, ಜಿಡಿಪಿಯ 23.9 ಮೂರು ತಿಂಗಳದ್ದು. ಜೂನ್ ಹೊತ್ತಿಗೆ ವಿದ್ಯುತ್ ಬಳಕೆ ಬಹಳಷ್ಟು ಚೇತರಿಸಿಕೊಂಡಿತ್ತು. ಎರಡು ಸಂಖ್ಯೆ ಹೊಂದಿಕೊಂಡದ್ದು ಕಾಕತಾಳೀಯ. ಜಿಎಸ್‌ಟಿಯ ಕುಸಿತ ಅಷ್ಟು ದೊಡ್ಡದಾಗಿ ಕಂಡಿದ್ದಕ್ಕೂ ಇನ್ನೊಂದು ಕಾರಣ ಇತ್ತು. ತೆರಿಗೆ ಕಟ್ಟುವ ಗಡುವನ್ನೇ ಸರ್ಕಾರ ಮುಂದಕ್ಕೆ ಹಾಕಿತ್ತು. ವ್ಯಾಪಾರ ಬಿದ್ದದ್ದರ ಜೊತೆಗೆ, ಕಟ್ಟಬೇಕಾದವರೂ ಆಮೇಲೆ ಕಟ್ಟೋಣ ಅಂತ ಸುಮ್ಮನಿದ್ದರು.

ಇನ್ನು ಹೊಲ? ಕೃಷಿ ಆ ತ್ರೈಮಾಸಿಕದಲ್ಲಿ ಶೇ 3.4ರಷ್ಟು ಬೆಳೆಯಿತು. ಮೇಲಿನ ಯಾವ ಸೂಚಕವೂ ಅದನ್ನು ಹೇಳಲಿಲ್ಲ.

ಕರೆಂಟು: ಬೇಗ ಬರುತ್ತದೆ, ಬೇಗ ಮೋಸವನ್ನೂ ಮಾಡುತ್ತದೆ

ವೇಗದಲ್ಲಿ ಇದಕ್ಕೆ ಸಾಟಿ ಇಲ್ಲ. ದೇಶದ ವಿದ್ಯುತ್ ಜಾಲ ನೋಡಿಕೊಳ್ಳುವ ಗ್ರಿಡ್ ಇಂಡಿಯಾ ದಿನದಿನದ ವರದಿಯನ್ನು ರಾಜ್ಯವಾರು ಹಾಕುತ್ತದೆ. ದಕ್ಷಿಣ ಭಾರತದ ಲೋಡ್ ಡಿಸ್ಪ್ಯಾಚ್ ಕೇಂದ್ರ ಇರೋದೇ ಬೆಂಗಳೂರಲ್ಲಿ. ಕೆಪಿಟಿಸಿಎಲ್‌ನ ಕೇಂದ್ರದವರ ಜಾಲತಾಣ ತೆರೆದರೆ ಈ ಗಳಿಗೆಯಲ್ಲಿ ರಾಜ್ಯ ಎಷ್ಟು ಮೆಗಾವಾಟ್ ಎಳೆಯುತ್ತಿದೆ ಅಂತ ಕಾಣುತ್ತದೆ. 2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ ದೇಶದ ಜನ 9 ನಿಮಿಷ ದೀಪ ಆರಿಸಿದಾಗ ಬೇಡಿಕೆ 30,000 ಮೆಗಾವಾಟ್‌ಗೂ ಜಾಸ್ತಿ ಜಾರಿತು. ಅದೂ ಆ ಕ್ಷಣಕ್ಕೇ ಕಂಡಿತು. ಇಷ್ಟು ಚುರುಕಾದ ಸೂಚಕ ಬೇರೆ ಇಲ್ಲ.

ತೊಂದರೆ ಏನಂದ್ರೆ, ಕರೆಂಟು ಯಾರು ಉರಿಸಿದರು, ಯಾಕೆ ಉರಿಸಿದರು ಅಂತ ಈ ಒಟ್ಟು ಸಂಖ್ಯೆ ಹೇಳೋದಿಲ್ಲ. ಕರ್ನಾಟಕದಲ್ಲಿ ಬಳಕೆಯಾಗುವ ವಿದ್ಯುತ್ತಿನ ಸುಮಾರು ಮೂರನೇ ಒಂದು ಭಾಗ ನೀರಾವರಿ ಪಂಪ್‌ಸೆಟ್‌ಗಳಿಗೆ ಹೋಗುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಬಿಲ್ಲಿಲ್ಲ, ಬಹಳಷ್ಟಕ್ಕೆ ಮೀಟರೂ ಇಲ್ಲ. ಮಳೆ ಚೆನ್ನಾಗಿ ಬಂದ ವರ್ಷ ಮೋಟರು ಸುಮ್ನೆ ಇರುತ್ತದೆ, ಬೆಳೆ ಚೆನ್ನಾಗಿರುತ್ತದೆ, ರೈತನ ಕೈಯಲ್ಲಿ ದುಡ್ಡಿರುತ್ತದೆ, ವಿದ್ಯುತ್ ಬೇಡಿಕೆ ಇಳಿಯುತ್ತದೆ. ಬರ ಬಂದರೆ ಎಲ್ಲಾ ಉಲ್ಟಾ. ಅಂದರೆ ನಮ್ಮ ರಾಜ್ಯದಲ್ಲಿ ಜುಲೈಯಿಂದ ನವೆಂಬರ್‌ವರೆಗೆ ಈ ಸೂಚಕ ಹಳ್ಳಿಯ ಮಟ್ಟಿಗೆ ತಲೆಕೆಳಗಾಗಿ ನಿಲ್ಲಬಹುದು. ನಾನು ಬಿದ್ದದ್ದು ಇದೇ ಗುಂಡಿಗೆ. 2023ರ ಅಕ್ಟೋಬರ್‌ನಲ್ಲಂತೂ ಖಾಸಗಿ ಉತ್ಪಾದಕರು ರಾಜ್ಯದ ಹೊರಗೆ ಕರೆಂಟು ಮಾರಬಾರದು ಅಂತ ಸರ್ಕಾರವೇ ಆದೇಶ ಹೊರಡಿಸಬೇಕಾಯಿತು. ಅದು ಸಮೃದ್ಧಿಯ ಲಕ್ಷಣ ಅಲ್ಲ.

ಬೇಸಿಗೆಯಲ್ಲಿ ಮೋಸ ಮಾಡೋದು ಏಸಿ. 2024ರ ಮೇ 30ರಂದು ದೇಶದ ಗರಿಷ್ಠ ಬೇಡಿಕೆ 250 ಗಿಗಾವಾಟ್ ಮುಟ್ಟಿ ದಾಖಲೆಯಾಯಿತು. ಉತ್ತರ ಭಾರತ ಆಗ ಬಿಸಿಗಾಳಿಯಲ್ಲಿ ಬೇಯುತ್ತಿತ್ತು. ಮಾಳಿಗೆ ಮೇಲಿನ ಸೋಲಾರ್ ಇನ್ನೊಂದು ಕಡೆಯಿಂದ ಮೋಸ ಮಾಡುತ್ತದೆ. ಕಾರ್ಖಾನೆ ತನ್ನ ಕರೆಂಟನ್ನು ತಾನೇ ಮಾಡಿಕೊಂಡರೆ ಗ್ರಿಡ್‌ನ ಲೆಕ್ಕದಲ್ಲಿ ಅದು ಮಾಯ.

ಕರೆಂಟೇ ಸಾಕಷ್ಟಿಲ್ಲದ ದೇಶಗಳಲ್ಲಿ ಇನ್ನೂ ಎಚ್ಚರ ಬೇಕು. 2022ರ ಮಾರ್ಚ್ ಕೊನೆಗೆ ಶ್ರೀಲಂಕಾದಲ್ಲಿ ದಿನಕ್ಕೆ 13 ಗಂಟೆವರೆಗೆ ಕರೆಂಟು ತೆಗೆಯುತ್ತಿದ್ದರು. ಅಂಥ ಕಡೆ ಬಳಕೆ ನೋಡಿದರೆ ಜನರಿಗೆ ಎಷ್ಟು ಬೇಕಿತ್ತು ಅಂತ ಗೊತ್ತಾಗಲ್ಲ, ಎಷ್ಟು ಕೊಟ್ಟರು ಅಂತ ಮಾತ್ರ ಗೊತ್ತಾಗುತ್ತದೆ. ನೈಜೀರಿಯಾದಲ್ಲಿ ಅಂಗಡಿ, ಮನೆ, ಕಾರ್ಖಾನೆ ಎಲ್ಲವೂ ಜನರೇಟರ್ ನಂಬಿಕೊಂಡಿವೆ. ಅಲ್ಲಿ ಗ್ರಿಡ್‌ನ ಸಂಖ್ಯೆ ಹಿಡಿದು ಆರ್ಥಿಕತೆಯ ಬಗ್ಗೆ ಮಾತಾಡುವುದು ವ್ಯರ್ಥ.

ಹಾಗಾದ್ರೆ ಬಿಟ್ಟುಬಿಡೋದಾ? ಬೇಡ. ಕೈಗಾರಿಕೆ ಜಾಸ್ತಿ ಇರುವ ಪ್ರದೇಶಕ್ಕೆ, ಹವೆ ಸಾಧಾರಣವಾಗಿರುವ ತಿಂಗಳಲ್ಲಿ (ನಮ್ಮಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿ), ಇದು ಈಗಲೂ ನನ್ನ ಮೊದಲ ಆಯ್ಕೆ. ಹೈಟೆನ್ಷನ್ ಗ್ರಾಹಕರ (ಕಾರ್ಖಾನೆಯಂಥ ದೊಡ್ಡ ಬಳಕೆದಾರರ) ಬಳಕೆ ಬೇರೆಯಾಗಿ ಸಿಕ್ಕರಂತೂ ಇನ್ನೂ ಒಳ್ಳೆಯದು.

ಜಿಎಸ್‌ಟಿಯೋ, ಇ-ವೇ ಬಿಲ್ಲೋ?

ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೋದು ಜಿಎಸ್‌ಟಿ. 2025ರ ಏಪ್ರಿಲ್‌ನಲ್ಲಿ 2.37 ಲಕ್ಷ ಕೋಟಿ, ದಾಖಲೆ, ಅಂತೆಲ್ಲಾ. ಏಪ್ರಿಲ್‌ನಲ್ಲಿ ಹೆಚ್ಚುಕಮ್ಮಿ ಪ್ರತಿ ವರ್ಷ ದಾಖಲೆಯೇ. ಮಾರ್ಚ್ ಕೊನೆಗೆ ಎಲ್ಲರೂ ಲೆಕ್ಕ ಮುಗಿಸಿ ಬಿಲ್ ಹಾಕುತ್ತಾರೆ, ಅದರ ತೆರಿಗೆ ಏಪ್ರಿಲ್ 20ರ ಹೊತ್ತಿಗೆ ಬರುತ್ತದೆ. ಇಲ್ಲೇ ಮೊದಲ ಪಾಠ ಇದೆ: ಏಪ್ರಿಲ್‌ನ ಸಂಗ್ರಹ ಅಂದರೆ ಹೆಚ್ಚಿನ ಪಾಲು ಮಾರ್ಚ್‌ನ ವ್ಯಾಪಾರ. ಮೇ 1ಕ್ಕೆ ಸಂಖ್ಯೆ ನೋಡಿದವರು 'ಏಪ್ರಿಲ್‌ನಲ್ಲಿ ವ್ಯಾಪಾರ ಜೋರು' ಅಂದರೆ ಒಂದು ತಿಂಗಳು ತಪ್ಪಿದರು ಅಂತಲೇ ಲೆಕ್ಕ.

ಎರಡನೆಯದು, ಇದು ರೂಪಾಯಿ ಲೆಕ್ಕ. ಬೆಲೆ ಏರಿದರೂ ಸಂಗ್ರಹ ಏರುತ್ತದೆ. ಆಮದಿನ ಮೇಲಿನ ತೆರಿಗೆಯೂ ಇದರಲ್ಲೇ ಸೇರಿದೆ. ಪೆಟ್ರೋಲ್, ಡೀಸೆಲ್, ಮದ್ಯ, ವಿದ್ಯುತ್ತು ಇದರೊಳಗಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಹಳಷ್ಟು ವಸ್ತುಗಳ ದರವನ್ನು ಶೇ 5 ಮತ್ತು ಶೇ 18ಕ್ಕೆ ಇಳಿಸಿದರು. ಅದಾದ ಮೇಲೆ ಹಿಂದಿನ ವರ್ಷದ ಜೊತೆ ಒಂದು ವರ್ಷದ ಮಟ್ಟಿಗೆ ನೇರ ಹೋಲಿಕೆ ಸಾಧ್ಯವಿಲ್ಲ. ವ್ಯಾಪಾರ ಏರಿಯೂ ತೆರಿಗೆ ಇಳಿಯಬಹುದು. ಜಿಎಸ್‌ಟಿ ಸರ್ಕಾರದ ಖಜಾನೆಗೆ ಒಳ್ಳೆಯ ಸೂಚಕ. ಮಾರುಕಟ್ಟೆಗೆ ಸಾಧಾರಣ.

ಇ-ವೇ ಬಿಲ್ ನನಗೆ ಇದಕ್ಕಿಂತ ಇಷ್ಟ. 50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಮಾಲು ಲಾರಿ ಹತ್ತಿ ಹೊರಡುವ ಮೊದಲು ಇದನ್ನು ತೆಗೆಯಲೇಬೇಕು. ಹಾಗಾಗಿ ಲೆಕ್ಕ ಹುಟ್ಟೋದು ಮಾಲು ಕದಲುವ ದಿನವೇ. ಕರ್ನಾಟಕಕ್ಕೂ ಇದಕ್ಕೂ ಹಳೆಯ ನಂಟು. ಜಿಎಸ್‌ಟಿಗೆ ಮುಂಚಿನ ವ್ಯಾಟ್ ಕಾಲದಲ್ಲೇ ಇಲ್ಲಿ ಇ-ಸುಗಮ್ ಅಂತ ಇತ್ತು. ಹಳೆಯ ಟ್ರಾನ್ಸ್‌ಪೋರ್ಟ್ ಆಫೀಸಿನವರು ಈಗಲೂ ಬಾಯಿ ತಪ್ಪಿ 'ಸುಗಮ್ ನಂಬರ್ ಕೊಡಿ' ಅಂತಾರೆ. 2018ರ ಏಪ್ರಿಲ್ 1ರಂದು ದೇಶದಲ್ಲಿ ಇ-ವೇ ಬಿಲ್ ಶುರುವಾದಾಗ ರಾಜ್ಯದೊಳಗಿನ ಸಾಗಣೆಗೂ ಅದನ್ನು ಮೊದಲು ಜಾರಿ ಮಾಡಿದ್ದು ಕರ್ನಾಟಕವೇ. 2025ರ ಮಾರ್ಚ್‌ನಲ್ಲಿ ದೇಶದಲ್ಲಿ ಒಂದೇ ತಿಂಗಳಿಗೆ 12 ಕೋಟಿಗೂ ಹೆಚ್ಚು ಬಿಲ್ ತೆಗೆದಿದ್ದರು.

ಆದಾಯ ಏರದೆ ಇದು ಏರೋದು ಯಾವಾಗ? 50,000ದ ಮಿತಿ 2018ರಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ. ಆಗ 45,000 ಆಗುತ್ತಿದ್ದ ಮಾಲು ಈಗ 60,000. ಮಾಲು ಅದೇ, ಲಾರಿ ಅದೇ, ಬಿಲ್ ಮಾತ್ರ ಹೊಸದು. ಒಂದು ಲಾರಿಯಲ್ಲಿ ಹತ್ತಾರು ಬಿಲ್ಲಿನ ಮಾಲು ಇರಬಹುದು, ಹಾಗಾಗಿ ಬಿಲ್ಲಿನ ಸಂಖ್ಯೆಯಿಂದ ಲಾರಿ ಎಣಿಸಲು ಹೋಗಬೇಡಿ. ರಾಜ್ಯಗಳನ್ನು ಹೋಲಿಸುವಾಗಲೂ ಜೋಪಾನ. ತಮಿಳುನಾಡು, ಮಹಾರಾಷ್ಟ್ರದಲ್ಲಿ ರಾಜ್ಯದೊಳಗಿನ ಸಾಗಣೆಗೆ ಮಿತಿ ಒಂದು ಲಕ್ಷ. ನಮ್ಮಲ್ಲಿ 50,000. ಸಂಖ್ಯೆ ಮಾತ್ರ ನೋಡಿದರೆ ನಾವು ಇಲ್ಲದ ಜೋರು ತೋರಿಸಿದಂತಾಗುತ್ತದೆ.

ಯುಪಿಐ: ಎಲ್ಲರ ಕಣ್ಣಿಗೂ ಕಾಣುವ ಸೂಚಕ, ಅದಕ್ಕೇ ಕಷ್ಟ

2023ರ ಆಗಸ್ಟ್‌ನಲ್ಲಿ ತಿಂಗಳಿಗೆ 1,000 ಕೋಟಿ ವಹಿವಾಟು. 2025ರ ಆಗಸ್ಟ್‌ನಲ್ಲಿ 2,000 ಕೋಟಿ. ಎರಡೇ ವರ್ಷದಲ್ಲಿ ದುಪ್ಪಟ್ಟು. ದೇಶದ ವ್ಯಾಪಾರ ಎರಡು ವರ್ಷದಲ್ಲಿ ದುಪ್ಪಟ್ಟಾಯಿತಾ? ಇಲ್ಲ ಅಂತ ಗಲ್ಲಾಪೆಟ್ಟಿಗೆ ಮುಂದೆ ಕೂರುವ ಯಾರಾದ್ರೂ ಹೇಳ್ತಾರೆ. ಮೊದಲು ನೋಟು ಕೊಡುತ್ತಿದ್ದವರು ಈಗ ಸ್ಕ್ಯಾನ್ ಮಾಡುತ್ತಾರೆ, ಅಷ್ಟೇ.

2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದದ್ದು ಈ ಸೂಚಕದ ಬಗ್ಗೆ ನಾನು ಕಂಡ ಅತ್ಯುತ್ತಮ ಪಾಠ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನೋದು ನಿಯಮ. ಒಂದೆರಡು ವಾರದಲ್ಲಿ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ಕ್ಯೂಆರ್ ಸ್ಟಿಕ್ಕರ್ ಮಾಯ. 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅಂತ ಪೆನ್ನಿನಲ್ಲಿ ಬರೆದ ಚೀಟಿ ಅಂಟಿತು. ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಹಣ ಬಂದಾಗ ಕೂಗಿ ಹೇಳುತ್ತಿದ್ದ ಸೌಂಡ್ ಬಾಕ್ಸ್‌ನ್ನು ಅವರು ತಿರುಗಿಸಿ ಬಿಸ್ಕತ್ ಡಬ್ಬದ ಹಿಂದೆ ಇಟ್ಟಿದ್ದರು. ಟೀ ಮಾತ್ರ ಎಂದಿನಷ್ಟೇ ಖಾಲಿಯಾಗುತ್ತಿತ್ತು. ಆ ವಾರ ಯಾರಾದರೂ ಬೆಂಗಳೂರಿನ ಸಣ್ಣ ವ್ಯಾಪಾರವನ್ನು ಯುಪಿಐನಿಂದ ಅಳೆದಿದ್ದರೆ 'ಕುಸಿತ' ಅಂತ ಬರೆಯುತ್ತಿದ್ದರು. ಯಾವ ಲೆಕ್ಕ ನೋಡಿ ತೆರಿಗೆ ಹಾಕುತ್ತಾರೆ ಅಂತ ಜನಕ್ಕೆ ಗೊತ್ತಾಗುತ್ತದೋ, ಆ ಲೆಕ್ಕ ಅವತ್ತಿನಿಂದ ಬೇರೆ ಕಥೆ ಹೇಳುತ್ತದೆ.

ಕೀನ್ಯಾದಲ್ಲಿ ಇದರ ಉಲ್ಟಾ ನಡೆದಿತ್ತು. ಅಲ್ಲಿ 2007ರಿಂದ ಎಂ-ಪೆಸಾ ಇದೆ, ಮೊಬೈಲ್ ಹಣದ ತಿಂಗಳ ಲೆಕ್ಕವನ್ನು ಕೇಂದ್ರ ಬ್ಯಾಂಕ್ ಪ್ರಕಟಿಸುತ್ತದೆ. ಕೋವಿಡ್ ಬಂದಾಗ, 2020ರ ಮಾರ್ಚ್‌ನಲ್ಲಿ, ಸಣ್ಣ ಮೊತ್ತ ಕಳಿಸಲು ಶುಲ್ಕ ಬೇಡ ಅಂದರು. ಆಗ ಸಣ್ಣ ವಹಿವಾಟು ಏರಿದರೆ ಅದರಲ್ಲಿ ಎಷ್ಟು ವ್ಯಾಪಾರದ್ದು, ಎಷ್ಟು ಶುಲ್ಕ ತೆಗೆದದ್ದರ ಫಲ ಅಂತ ಬಿಡಿಸಿ ಹೇಳೋದು ಹೇಗೆ?

ಯುಪಿಐ ಬಳಸಲೇಬೇಕು ಅಂದ್ರೆ ಒಟ್ಟು ಸಂಖ್ಯೆ ಬಿಡಿ. ಯುಪಿಐ ನಡೆಸುವ ಎನ್‌ಪಿಸಿಐ ಪ್ರತಿ ತಿಂಗಳು ವ್ಯಾಪಾರಿಗಳಿಗೆ ಹೋದ ಹಣವನ್ನು ಬೇರೆ, ವ್ಯಕ್ತಿಯಿಂದ ವ್ಯಕ್ತಿಗೆ ಹೋದದ್ದನ್ನು ಬೇರೆ ಕೊಡುತ್ತದೆ. ಯಾವ ಬಗೆಯ ಅಂಗಡಿ ಅಂತಲೂ ವಿಂಗಡಣೆ ಇದೆ. ಒಂದು ಬಗೆಯ ಅಂಗಡಿಯ ಪಾಲು ಇನ್ನೊಂದಕ್ಕೆ ಹೋಲಿಸಿದರೆ ಏರಿತಾ ಇಳಿಯಿತಾ ಅಂತ ನೋಡಿದರೆ ಏನಾದರೂ ಸಿಗುತ್ತದೆ.

ಆಕಾಶದಿಂದ ನೋಡಿದರೆ

ರಾತ್ರಿ ಬೆಳಕಿನ ಆಸೆ ಬೇರೆಯೇ. ಯಾರನ್ನೂ ಕೇಳಬೇಕಿಲ್ಲ, ಯಾರೂ ಸುಳ್ಳು ಹೇಳುವಂತಿಲ್ಲ, ಇಡೀ ಭೂಮಿಗೆ ಒಂದೇ ಅಳತೆ. ಅಮೆರಿಕದ ಹವಾಮಾನ ಉಪಗ್ರಹಗಳ ರಾತ್ರಿ ಚಿತ್ರಗಳು 1992ರಿಂದ ಸಿಗುತ್ತವೆ. ಹೆಂಡರ್ಸನ್, ಸ್ಟೋರಿಗಾರ್ಡ್, ವೈಲ್ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಗಟ್ಟಿ ತಳಪಾಯ ಹಾಕಿತು. ಬೆಳಕಿನ ಪ್ರಕಾರ ಮ್ಯಾನ್ಮಾರ್ ಅಲ್ಲಿನ ಸರ್ಕಾರ ಹೇಳಿದ್ದಕ್ಕಿಂತ ನಿಧಾನವಾಗಿ ಬೆಳೆದಿತ್ತು. ಕಾಂಗೋ ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಆಮೇಲೆ ಲೂಯಿಸ್ ಮಾರ್ಟಿನೆಜ್ ಅನ್ನುವವರು ಬೆಳಕನ್ನೂ ಜಿಡಿಪಿಯನ್ನೂ ಪಕ್ಕಪಕ್ಕ ಇಟ್ಟು, ಸರ್ವಾಧಿಕಾರದ ದೇಶಗಳು ವರ್ಷದ ಬೆಳವಣಿಗೆಯನ್ನು ಸುಮಾರು ಶೇ 35ರಷ್ಟು ಉಬ್ಬಿಸಿ ಹೇಳುತ್ತವೆ ಅಂತ ಲೆಕ್ಕ ಹಾಕಿದರು.

ನಮಗೆ ಹತ್ತಿರದ ಉದಾಹರಣೆ ನೋಟು ರದ್ದತಿ. 2016ರ ನವೆಂಬರ್ 8ರ ರಾತ್ರಿ ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಶೇ 86ರಷ್ಟು ಒಂದೇ ಏಟಿಗೆ ಹೋಯಿತು. ನಗದು ವ್ಯಾಪಾರ ಅಧಿಕೃತ ಲೆಕ್ಕದಲ್ಲಿ ಸರಿಯಾಗಿ ಕಾಣೋದೇ ಇಲ್ಲ, ಮತ್ತೆ ಪೆಟ್ಟನ್ನು ಅಳೆಯೋದು ಹೇಗೆ? ಮೈಸೂರಿನಲ್ಲಿ ಬೆಳೆದ ಗೀತಾ ಗೋಪಿನಾಥ್ ಮತ್ತು ಮೂವರು ಸಹೋದ್ಯೋಗಿಗಳು ಜಿಲ್ಲೆ ಜಿಲ್ಲೆಗೆ ಹೊಸ ನೋಟು ಎಷ್ಟು ತಲುಪಿತ್ತು ಅನ್ನೋದನ್ನೂ ಆ ಜಿಲ್ಲೆಯ ರಾತ್ರಿ ಬೆಳಕನ್ನೂ ಜೋಡಿಸಿ ನೋಡಿದರು. ನೋಟು ಕಡಿಮೆ ತಲುಪಿದ ಕಡೆ ಬೆಳಕೂ ಹೆಚ್ಚು ಕುಗ್ಗಿತ್ತು. ಆ ತ್ರೈಮಾಸಿಕದಲ್ಲಿ ಆರ್ಥಿಕ ಚಟುವಟಿಕೆಯ ಬೆಳವಣಿಗೆಗೆ ಕನಿಷ್ಠ 2 ಶೇಕಡಾ ಅಂಶಗಳ ಪೆಟ್ಟು ಬಿತ್ತು ಅನ್ನೋದು ಅವರ ತೀರ್ಮಾನ. ಜಿಲ್ಲೆಗಳನ್ನು ಒಂದಕ್ಕೊಂದು ಹೋಲಿಸುವ ಇಂಥ ಕೆಲಸಕ್ಕೆ ಬೆಳಕಿನಷ್ಟು ಒಳ್ಳೆಯ ಸೂಚಕ ಬೇರೆ ಇಲ್ಲ.

ಆದರೆ ಮುಂದಿನ ತಿಂಗಳು ಎಷ್ಟು ಡಬ್ಬ ಬಣ್ಣ ಕಳಿಸಬೇಕು ಅಂತ ಕೇಳಿದರೆ ಉಪಗ್ರಹದ ಹತ್ತಿರ ಉತ್ತರ ಇಲ್ಲ. 2011ರ ಅಕ್ಟೋಬರ್‌ನಲ್ಲಿ ಹಾರಿಸಿದ ಸುವೋಮಿ ಎನ್‌ಪಿಪಿ ಉಪಗ್ರಹದ ವಿಐಐಆರ್‌ಎಸ್ ಕ್ಯಾಮೆರಾ ಹಳೆಯದಕ್ಕಿಂತ ಎಷ್ಟೋ ಸೂಕ್ಷ್ಮ, ನಿಜ. ಆದರೆ ಅದು ನಮ್ಮ ತಲೆ ಮೇಲೆ ಹಾಯೋದು ರಾತ್ರಿ ಸುಮಾರು ಒಂದೂವರೆಗೆ. ಸಂಜೆ ಏಳರ ಗಾಂಧಿ ಬಜಾರ್ ಅದಕ್ಕೆ ಕಾಣೋದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡಿನ ಮೇಲೆ ಮೋಡ ಕವಿದಿರುತ್ತದೆ, ಸ್ವಚ್ಛ ಚಿತ್ರ ಸಿಗೋದು ಅಪರೂಪ. ಇನ್ನೂ ಒಂದು ತಮಾಷೆ ಇದೆ. ಬೀದಿಯ ಹಳದಿ ಸೋಡಿಯಂ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದರೆ ನಮಗೆ ಊರು ಜಾಸ್ತಿ ಬೆಳಗಿದಂತೆ ಕಾಣುತ್ತದೆ. ಆ ಕ್ಯಾಮೆರಾಗೆ ನೀಲಿ ಬೆಳಕು ಕಾಣಲ್ಲ. ಹಾಗಾಗಿ ಪುರಸಭೆ ದೀಪ ಬದಲಿಸಿದ ವರ್ಷ ಊರು ಬಡವಾದಂತೆ ದಾಖಲಾಗಬಹುದು! ಭತ್ತದ ಗದ್ದೆಯಂತೂ ಎಷ್ಟೇ ಫಸಲು ಬಂದರೂ ರಾತ್ರಿ ಬೆಳಗಲ್ಲ.

ಹಗಲಿನ ಉಪಗ್ರಹ ಚಿತ್ರ, ಮೊಬೈಲ್ ಕರೆಗಳ ದಾಖಲೆ ಇವೆಲ್ಲ ಬಡತನ ಎಲ್ಲಿದೆ ಅಂತ ಹುಡುಕಲು ಹೆಚ್ಚು ಉಪಯೋಗ. 2020ರಲ್ಲಿ ಟೋಗೊ ದೇಶ ಇವೆರಡನ್ನೂ ಬಳಸಿ, ಕೋವಿಡ್ ನೆರವಿನ ಹಣ ಯಾರಿಗೆ ಕಳಿಸಬೇಕು ಅಂತ ನಿರ್ಧರಿಸಿತು. ಈ ತಿಂಗಳ ವ್ಯಾಪಾರ ಅಳೆಯೋದು ಬೇರೆ ಕೆಲಸ.

ಉಳಿದವು, ಚುಟುಕಾಗಿ

ಪಿಎಂಐ ತಿಂಗಳ ಮೊದಲ ವಾರವೇ ಬರುತ್ತದೆ, ಆಮೇಲೆ ಹೆಚ್ಚು ತಿದ್ದೋದಿಲ್ಲ. ಆದರೆ ಅದು ಹೇಳೋದು 'ಕಳೆದ ತಿಂಗಳಿಗಿಂತ ಚೆನ್ನಾಗಿದೆ' ಅಂದವರು ಎಷ್ಟು ಜನ ಅಂತ, ಎಷ್ಟು ಚೆನ್ನಾಗಿದೆ ಅಂತಲ್ಲ. ಕೇಳೋದು ತಯಾರಿಕೆಯಲ್ಲಿ ಸುಮಾರು 400, ಸೇವೆಯಲ್ಲಿ ಸುಮಾರು 400 ಕಂಪನಿಗಳನ್ನು. ಪೀಣ್ಯದ ಸಣ್ಣ ಲೇತ್ ಶೆಡ್ಡಿನವರ ಮಾತು ಅಲ್ಲಿಗೆ ತಲುಪೋದು ಕಷ್ಟ.

ವಾಹನ ಮಾರಾಟದಲ್ಲಿ ಎರಡು ಲೆಕ್ಕ ಬರುತ್ತದೆ. ತಯಾರಕರ ಸಂಘ ಕೊಡೋದು ಕಾರ್ಖಾನೆಯಿಂದ ಶೋರೂಮಿಗೆ ಹೋದದ್ದು. ಡೀಲರ್‌ಗಳ ಸಂಘ ಕೊಡೋದು ಆರ್‌ಟಿಒದಲ್ಲಿ ನೋಂದಣಿಯಾದದ್ದು. ಯಾವಾಗಲೂ ಎರಡನೆಯದನ್ನು ನೋಡಿ. ಎರಡರ ನಡುವಿನ ಅಂತರ ಹಿಗ್ಗುತ್ತಿದ್ದರೆ ಶೋರೂಮಿನ ಹಿತ್ತಲಲ್ಲಿ ಗಾಡಿ ಧೂಳು ತಿನ್ನುತ್ತಿದೆ ಅಂತ ಅರ್ಥ. ಹಳ್ಳಿಯ ಕೈಗೆ ದುಡ್ಡು ಬಂತಾ ಅಂತ ತಿಳಿಯಲು ಬೈಕು ಮತ್ತು ಟ್ರ್ಯಾಕ್ಟರ್ ಲೆಕ್ಕ ಸಾಕು.

ಡೀಸೆಲ್ ಬಳಕೆ ಸರಕು ಸಾಗಣೆಗೆ ಒಳ್ಳೆಯ ಕನ್ನಡಿ. ಆದರೆ ಮಳೆಗಾಲದಲ್ಲಿ ಪ್ರತಿ ವರ್ಷ ಇಳಿಯುತ್ತದೆ, ಗಾಬರಿ ಬೇಡ. ಸಬ್ಸಿಡಿ ಇರುವ ದೇಶದಲ್ಲಿ ಇಂಧನದ ಲೆಕ್ಕವೇ ಅನುಮಾನ. 2023ರಲ್ಲಿ ನೈಜೀರಿಯಾ ಪೆಟ್ರೋಲ್ ಸಬ್ಸಿಡಿ ತೆಗೆದಾಗ 'ಬಳಕೆ' ದಿಢೀರನೆ ಇಳಿಯಿತು. ದರ ಏರಿದ್ದು ಒಂದು ಕಾರಣವಾದರೆ, ಗಡಿಯಾಚೆ ಕದ್ದು ಸಾಗುತ್ತಿದ್ದದ್ದು ನಿಂತದ್ದು ಇನ್ನೊಂದು. ಟೋಲ್ ಲೆಕ್ಕವೂ ಹೀಗೇ. 2025ರ ಆಗಸ್ಟ್ 15ರಿಂದ ಕಾರುಗಳಿಗೆ 3,000 ರೂಪಾಯಿಯ ವಾರ್ಷಿಕ ಪಾಸ್ ಬಂದ ಮೇಲೆ ಹಳೆಯ ಸಂಖ್ಯೆಗಳ ಜೊತೆ ಹೋಲಿಕೆ ಕೆಟ್ಟಿತು.

ಗೂಗಲ್‌ನವರ ಓಡಾಟದ ವರದಿ ನೆನಪಿದೆಯಾ? 2020ರ ಏಪ್ರಿಲ್‌ನಲ್ಲಿ ಶುರುವಾಗಿ ಇಡೀ ಜಗತ್ತಿಗೆ ಪ್ರಿಯವಾಗಿತ್ತು. 2022ರ ಅಕ್ಟೋಬರ್‌ನಲ್ಲಿ ನಿಲ್ಲಿಸಿಬಿಟ್ಟರು. ಖಾಸಗಿಯವರು ಬಿಟ್ಟಿ ಕೊಡುವ ಅಂಕಿಯ ಮೇಲೆ ಖಾಯಂ ವ್ಯವಸ್ಥೆ ಕಟ್ಟಿಕೊಳ್ಳುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಎಪಿಎಂಸಿ ಆವಕ (ಕೃಷಿ ಮಾರುಕಟ್ಟೆಗೆ ಬಂದ ಮಾಲು) ಹಳ್ಳಿಯ ಆದಾಯಕ್ಕೆ ಅತ್ಯಂತ ಹತ್ತಿರದ ಲೆಕ್ಕ, ಅದನ್ನು ಬಳಸುವವರು ಮಾತ್ರ ಕಡಿಮೆ. ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ದಿನದಿನದ ಆವಕ, ದರ ಎರಡೂ ಸಿಗುತ್ತವೆ. ಎರಡನ್ನೂ ಗುಣಿಸಿ ನೋಡಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ರಾಶಿ ರಾಶಿ ಬಂತು ಅಂದ ಮಾತ್ರಕ್ಕೆ ರೈತ ಗೆದ್ದ ಅಂತಲ್ಲ. ಆವಕ ಜಾಸ್ತಿಯಾಗಿ ದರ ನೆಲಕಚ್ಚಿದರೆ ಅವನ ಕೈಗೆ ಬರೋದು ಕಡಿಮೆಯೇ.

ಹಾಗಾದರೆ ನಿಮಗೆ ಯಾವುದು?

ನೀವು ಅಂಗಡಿ ಅಥವಾ ವಿತರಣೆ ನಡೆಸುವವರಾದರೆ ಇ-ವೇ ಬಿಲ್, ವಾಹನ ನೋಂದಣಿ, ನಿಮ್ಮ ಜಿಲ್ಲೆಯ ಮುಖ್ಯ ಬೆಳೆಯ ಆವಕ ಮತ್ತು ದರ. ಇಷ್ಟೇ ಸಾಕು. ಪತ್ರಕರ್ತರಾದರೆ ಜಿಎಸ್‌ಟಿ ಬರೆಯದೆ ವಿಧಿಯಿಲ್ಲ, ಆದರೆ ಅದು ಯಾವ ತಿಂಗಳ ವ್ಯಾಪಾರ ಅನ್ನೋದನ್ನು ಮೊದಲ ಸಾಲಿನಲ್ಲೇ ಹೇಳಿ. ಸಂಶೋಧನೆ ಮಾಡುವವರು, ಅದರಲ್ಲೂ ಜಿಲ್ಲೆಗಳ ಹತ್ತು ವರ್ಷದ ಬದಲಾವಣೆ ನೋಡುವವರು, ರಾತ್ರಿ ಬೆಳಕಿಗೆ ಹೋಗಿ. ವರ್ಷದ ಸರಾಸರಿ ತೆಗೆದುಕೊಳ್ಳಿ, ಮಳೆಗಾಲದ ತಿಂಗಳು ಬಿಡಿ. ಲೆಕ್ಕವೇ ಸರಿಯಿಲ್ಲದ ಬೇರೆ ದೇಶದ ಬಗ್ಗೆ ಬರೆಯುತ್ತಿದ್ದರೆ ಬೆಳಕಿನ ಜೊತೆ ಅಲ್ಲಿನ ಆಮದು ರಫ್ತಿನ ಲೆಕ್ಕ ಇಟ್ಟುಕೊಳ್ಳಿ. ಒಂದು ದೇಶದ ರಫ್ತು ಇನ್ನೊಂದರ ಆಮದು ತಾನೆ, ಎರಡು ಕಡೆಯ ಪುಸ್ತಕ ತಾಳೆ ನೋಡಬಹುದು.

ಯಾವುದನ್ನೇ ಆರಿಸಿದರೂ ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸುವಾಗ ಪಂಚಾಂಗ ಪಕ್ಕದಲ್ಲಿರಲಿ. ದೀಪಾವಳಿ 2023ರಲ್ಲಿ ನವೆಂಬರ್ 12ರ ಹೊತ್ತಿಗೆ ಬಂತು, 2024ರಲ್ಲಿ ಅಕ್ಟೋಬರ್ ಕೊನೆಗೆ, 2025ರಲ್ಲಿ ಅಕ್ಟೋಬರ್ 20ಕ್ಕೇ. ಬರೀ ಅಕ್ಟೋಬರ್ ಹೋಲಿಸಿದರೆ ಒಂದು ವರ್ಷ ಭರ್ಜರಿ, ಒಂದು ವರ್ಷ ಮಂಕು ಅಂತ ಕಾಣುತ್ತದೆ. ಅಕ್ಟೋಬರ್, ನವೆಂಬರ್ ಎರಡನ್ನೂ ಕೂಡಿಸಿ. 2024ರ ಫೆಬ್ರುವರಿಗೆ 29 ದಿನ ಇತ್ತು. ಅದೊಂದೇ ದಿನ ಶೇ 3ಕ್ಕೂ ಜಾಸ್ತಿ 'ಬೆಳವಣಿಗೆ' ಕೊಡುತ್ತದೆ.

ನನ್ನ ಹಾಳೆಯಲ್ಲಿ ಈಗ ಪ್ರತಿ ಸೂಚಕದ ಪಕ್ಕ ಒಂದು ಖಾಲಿ ಕಾಲಂ ಇದೆ. ಆ ತಿಂಗಳು ಮಳೆ ಹೇಗಿತ್ತು, ತೆರಿಗೆ ದರ ಬದಲಾಯಿತಾ, ಗಡುವು ಮುಂದೆ ಹೋಯಿತಾ, ಹಬ್ಬ ಯಾವಾಗ ಬಂತು ಅಂತ ಕೈಯಲ್ಲೇ ಬರೀತೀನಿ. ಕೆಲವು ತಿಂಗಳು ಸಂಖ್ಯೆಗಿಂತ ಆ ಕಾಲಮ್ಮೇ ಉದ್ದ ಇರುತ್ತದೆ. ತಿಂಗಳ 10ರ ಸುಮಾರಿಗೆ ಅದನ್ನು ತುಂಬಿಸಿ ಮುಗಿಸಿದ ಮೇಲೆ ಚಿತ್ರದುರ್ಗಕ್ಕೆ ಒಂದು ಫೋನ್ ಹಾಕ್ತೀನಿ. 'ಏನ್ ಸಾರ್, ಕಂಪ್ಯೂಟರ್ ಏನಂತು?' ಅಂತ ಅವರು ಮೊದಲು ನಕ್ಕೇ ಶುರುಮಾಡೋದು.